ಅಪ್ಪನ ರಿಕ್ಷಾಕ್ಕೆ ತಂಗಿಯ ಡಿಸೈನು

ನನ್ನ ತಂಗಿಯನ್ನು ದಯವಿಟ್ಟು ಊಟಕ್ಕೆ ಕರೆಯಬೇಡಿ. ಕರೆದರೂ ಬಾಳೆಎಲೆ ಹಾಕಬೇಡಿ! ಅವಳು ಉಣ್ಣುವುದಿಲ್ಲ, ಎಲೆಯ ಲೇಔಟ್ ನೋಡುತ್ತಾಳೆ. ಮಧೂರಿನಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದಾಗ, ಕೋಸಂಬರಿ ಪಲ್ಯದ ಗಡಿ ದಾಟಿತೆಂದು ಬಡಿಸುವವರನ್ನು ವಾಪಸ್ ಕರೆದಳು.

"ಸ್ವಲ್ಪ ಎಡಕ್ಕೆ ಹಾಕಿ. ಮಧ್ಯೆ ಗ್ಯಾಪ್ ಇದ್ರೆ ಕಣ್ಣಿಗೆ ಉಸಿರಾಡ್ಲಿಕ್ಕೆ ಆಗ್ತದೆ."

"ಎಂತ ಮಾರಾಯ್ತಿ, ನಿನ್ನ ಕಣ್ಣು ಉಸಿರಾಡುವಷ್ಟರಲ್ಲಿ ನನ್ನ ಉಸಿರು ಹೋಗ್ತದೆ!" ಎಂದು ಅವರು ಬಕೆಟು ಹಿಡಿದು ಮುಂದೆ ಓಡಿದರು.

ಇದೆಲ್ಲ ಶುರುವಾದದ್ದು ಅವಳು ಹತ್ತನೇ ಮುಗಿಸಿ ಪ್ಲಸ್ ವನ್‌ಗೆ ಸೇರಿದ ಮೇಲೆ. ವೊಕೇಷನಲ್ ಶಾಲೆಯಲ್ಲಿ ಆಗಷ್ಟೇ ಗ್ರಾಫಿಕ್ ಡಿಸೈನ್ ಎಂಬ ಹೊಸ ವಿಷಯ ಬಂದಿತ್ತು. ಮನೆಯಲ್ಲಿ ಯಾರಿಗೂ ಅದರ ತಲೆಬುಡ ಗೊತ್ತಿಲ್ಲ. ಮುಳ್ಳೇರಿಯ ಸ್ಟ್ಯಾಂಡಿನಲ್ಲಿ ರಿಕ್ಷಾ ಓಡಿಸುವ ಅಪ್ಪ, "ಚಿತ್ರ ಬಿಡಿಸ್ಲಿಕ್ಕೆ ಒಂದನೇ ಕ್ಲಾಸಲ್ಲೇ ಕಲ್ತಿದ್ದಿಯಲ್ಲ ಮಗಾ, ಪುನಃ ಯಾಕೆ?" ಎಂದು ಕೇಳಿದರು.

"ಬಿಡಿಸುದಲ್ಲಪ್ಪ, ತೆಗೀಲಿಕ್ಕೆ ಕಲಿಸುದು. ಬೇಡದ್ದೆಲ್ಲ ತೆಗೆದ ಮೇಲೆ ಉಳಿದದ್ದೇ ಡಿಸೈನ್!"

ಪಾಪ, ಅಪ್ಪ ಅಪಾಯ ತಿಳಿಯದೆ ತಲೆಯಾಡಿಸಿದರು. ಮೊದಲ ಬಲಿ ಅಮ್ಮನ ಅಡುಗೆಮನೆ. ಡಬ್ಬಗಳ ಮೇಲಿನ ಹೆಸರೆಲ್ಲ ಕಿತ್ತು ಬಣ್ಣದ ಚುಕ್ಕಿ ಅಂಟಿಸಿದಳು. ಉಪ್ಪಿಗೆ ಬಿಳಿ ಚುಕ್ಕಿ. ಸಕ್ಕರೆಗೂ ಬಿಳಿಯೇ, ಎರಡೂ ಬಿಳಿ ಅಲ್ಲವೇ! ಆ ಸಂಜೆ ನಮ್ಮಲ್ಲಿ ಚಹಾ ಕುಡಿದ ನೆಂಟರು ಮತ್ತೆ ಈ ಕಡೆ ತಲೆ ಹಾಕಿಲ್ಲ.

ಎರಡನೇ ವರ್ಷ ಪ್ರಾಜೆಕ್ಟು ಬಂತು. ಒಬ್ಬ ನಿಜವಾದ ಗಿರಾಕಿಗೆ ಡಿಸೈನ್ ಮಾಡಿಕೊಡಬೇಕು, ಅವರು ಫಾರಮಿನಲ್ಲಿ ಅಭಿಪ್ರಾಯ ಬರೆದು ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಫೇಲ್! ಇವಳು ಮೊದಲು ಪೇಟೆಯ ಒಂದು ಬೇಕರಿಗೆ ಹೋದಳು. ಬೋರ್ಡಿನಲ್ಲಿ ಪಪ್ಸ್, ಕೇಕು, ಜ್ಯೂಸು, ಜೊತೆಗೆ ತನ್ನದೂ ಒಂದು ಫೋಟೋ ಇರಲಿ ಎಂದರು ಮಾಲೀಕರು. ಇವಳು ದೊಡ್ಡ ಬೋರ್ಡಿನ ಮೂಲೆಯಲ್ಲಿ ಒಂದೇ ಒಂದು ಬನ್ ಇಟ್ಟಳು.

"ಮಾಲೆಲ್ಲ ಖಾಲಿಯಾಗಿದೆ ಅಂತ ಜನ ತಿಳ್ಕೊಳ್ತಾರಷ್ಟೆ" ಎಂದು ಅವರು ಕೈಮುಗಿದು ಕಳಿಸಿಕೊಟ್ಟರು.

ಇನ್ನು ಉಳಿದ ಗಿರಾಕಿ ಯಾರು? ಅಪ್ಪ! ಅವರ ರಿಕ್ಷಾದ ಬೆನ್ನ ಮೇಲೆ ನೊಣ ಕೂರಲಿಕ್ಕೂ ಜಾಗವಿರಲಿಲ್ಲ. ದೇವರುಗಳು, ಗುಲಾಬಿ, ಗಿಳಿ, ಒಂದಕ್ಕೊಂದು ಆಗದ ಎರಡು ಫುಟ್‌ಬಾಲ್ ತಂಡಗಳ ಬಾವುಟ, 'ಅಂತರ ಕಾಪಾಡಿ' ಮೂರು ಭಾಷೆಯಲ್ಲಿ. ಶನಿವಾರ ಮಧ್ಯಾಹ್ನ ಅಪ್ಪ ಉಂಡು ಮಲಗಿದ್ದಾಗ ಇವಳು ಸೀಮೆಎಣ್ಣೆ ಬಟ್ಟೆ ಹಿಡಿದು ಎಲ್ಲವನ್ನೂ ಉಜ್ಜಿ ತೆಗೆದಳು. ದೇವರ ಸ್ಟಿಕ್ಕರುಗಳನ್ನು ಮಾತ್ರ ಭಕ್ತಿಯಿಂದ ಒಳಗೆ ಅಂಟಿಸಿದಳು. ಹಿಂದೆ ನಟ್ಟನಡುವೆ ಒಂದು ಪುಟ್ಟ ಬಿಳಿ ವೃತ್ತ ಬರೆದಳು.

ಅಪ್ಪ ಎದ್ದು ಬಂದು ಬಹಳ ಹೊತ್ತು ನೋಡಿದರು. "ಪಂಕ್ಚರ್ ಹಾಕಿದ ಹಾಗೆ ಉಂಟಲ್ಲ ಮಗಾ!"

ನಿಜವಾದ ಪಂಕ್ಚರ್ ಆದದ್ದು ಮರುದಿನ. ಪ್ರತಿ ಭಾನುವಾರ ಅಪ್ಪನ ರಿಕ್ಷಾದಲ್ಲೇ ಇಗರ್ಜಿಗೆ, ಚರ್ಚಿನ ಪೂಜೆಗೆ ಹೋಗುವ ವಯಸ್ಸಾದ ಕ್ರಿಶ್ಚಿಯನ್ ಬಾಯಮ್ಮ ಒಬ್ಬರಿದ್ದರು. ಅಂಗಡಿಯಲ್ಲಿ ಚಹಾ ಕುಡಿದು ಬಂದ ಅಪ್ಪ ನೋಡಿದರೆ, ಅವರು ಅದೇ ರಿಕ್ಷಾಕ್ಕೆ ಬೆನ್ನು ಕೊಟ್ಟು ನಿಂತು, ಅಪ್ಪನ ರಿಕ್ಷಾಕ್ಕಾಗಿ ಕಾಯುತ್ತಿದ್ದಾರೆ! ಹೋಗಿ ಮುಟ್ಟುವಾಗ ಪೂಜೆ ಮುಗಿದಿತ್ತು. ಆ ದಿನ ಬೇರೆ ಖಾಯಂ ಗಿರಾಕಿಗಳೂ ಗುರುತು ಸಿಗದೆ ಮುಂದಿನ ರಿಕ್ಷಾ ಹತ್ತಿದರು.

"ನನ್ನ ಹೊಟ್ಟೆಪಾಡಿನ ಮೇಲೆ ನಿನ್ನ ಪರೀಕ್ಷೆ ಬೇಡ" ಎಂದ ಅಪ್ಪ ಮೂರು ದಿನ ಅವಳಲ್ಲಿ ಮಾತಾಡಲಿಲ್ಲ. ಫಾರಮನ್ನು ಮುಟ್ಟಲೂ ಇಲ್ಲ. ಊರಿಗೆಲ್ಲ ಪಾಠ ಹೇಳುವ ತಂಗಿ ಮೊದಲ ಬಾರಿಗೆ ಒಬ್ಬರನ್ನು ಕೇಳಲು ಹೋದಳು. ಬಾಯಮ್ಮನನ್ನು!

"ನನಗೆ ಓದ್ಲಿಕ್ಕೆ ಬರುದಿಲ್ಲ ಮಗಾ. ಗಿಳಿ ನೋಡಿ ಹತ್ತುದು ನಾನು."

ಮನೆಗೆ ಬಂದವಳೇ ಬಿಳಿ ವೃತ್ತ ಉಜ್ಜಿ ತೆಗೆದು, ರಿಕ್ಷಾದ ಬೆನ್ನು ತುಂಬುವಷ್ಟು ದೊಡ್ಡ ಹಸಿರು ಗಿಳಿ ಬರೆದಳು. ಮುಂದಿನ ಭಾನುವಾರ ಬಾಯಮ್ಮ ರಸ್ತೆಯ ಆಚೆಯಿಂದಲೇ ಕೊಡೆ ಎತ್ತಿ ಬೀಸಿದರು. ಅಪ್ಪ ಅಂದು ಫಾರಮು ಕೇಳಿ ತೆಗೆದುಕೊಂಡು, ಒಂದು ಗಂಟೆ ಒಬ್ಬರೇ ಕೂತು ಬರೆದು, ಮಡಚಿ ಕೊಟ್ಟರು. "ನೀನು ನೋಡ್ಬೇಡ. ಸರ್‌ಗೆ ಕೊಡು."

ಪರೀಕ್ಷೆ ಮಾಡಲು ಬಂದ ಸರ್ ದೂರದ ತೆಂಕಣ ಜಿಲ್ಲೆಯ ಮಲಯಾಳಿ, ಕನ್ನಡ ಬಾರದು. ನೀನೇ ಓದಿ ಮಲಯಾಳದಲ್ಲಿ ಹೇಳು ಎಂದರಂತೆ. ಅವಳು ಫಾರಮಿನ ಮಡಿಕೆ ಬಿಡಿಸಿದಳು.

'ನಾನು ನಾಲ್ಕನೇ ಕ್ಲಾಸು. ನನಗೆ ಡಿಸೈನು ಗೊತ್ತಿಲ್ಲ. ಗಿಳಿ ಚಂದ ಉಂಟು. ತಪ್ಪು ಏನಾದರೂ ಇದ್ದರೆ ಅದು ನನ್ನ ಗಾಡಿಯದ್ದು, ಮಗಳದ್ದಲ್ಲ. ಅವಳನ್ನು ಪಾಸು ಮಾಡಿ.'

ಮಲಯಾಳದಲ್ಲಿ ಹೇಳಬೇಕಾದ ಬಾಯಿಬಡುಕಿ ಫಾರಮನ್ನು ಹಾಗೆಯೇ ಸರ್ ಮುಂದೆ ಇಟ್ಟುಬಿಟ್ಟಳು. ಆ ಸರ್ ಅವಳ ಮುಖ ನೋಡಿ, ಮುಂದೆ ಏನೂ ಕೇಳದೆ ಪಾಸೆಂದು ಸಹಿ ಮಾಡಿದರಂತೆ. ಸಂಜೆ ಮನೆಗೆ ಬಂದವಳು ನೇರ ಅಂಗಳದಲ್ಲಿದ್ದ ರಿಕ್ಷಾದ ಹಿಂದಿನ ಸೀಟಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಗಾಬರಿಯಿಂದ ಓಡಿ ಬಂದು, ಅವಳ ಕೈ ಹಿಡಿದು ಕೇಳಿದರು:

"ಎಂತಾಯ್ತು ಮಗಾ? ನಾನು ಬರ್ದದ್ದು ತಪ್ಪಾಯ್ತಾ?"