ಒಕ್ಕಣ್ಣಿನ ಲೈನ್‌ಮನ್

ಕಡಲ್ಗಳ್ಳರನ್ನು ನಮ್ಮ ಕಾಕಾನಷ್ಟು ಬಲ್ಲವರು ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಹುಡುಕಿದರೂ ಇನ್ನೊಬ್ಬರು ಸಿಗಲಿಕ್ಕಿಲ್ಲ. ಅವರು ಇವತ್ತಿಗೂ ಸಮುದ್ರ ನೋಡಿಲ್ಲ ಎಂಬುದೊಂದು ಸಣ್ಣ ತೊಡಕು, ಅಷ್ಟೆ. ಅಲ್ಲಾ, ನೋಡಲೇಬೇಕೆಂದು ಎಲ್ಲಿ ಬರೆದಿದೆ?

ಕಾಕಾ ಎಂದರೆ ನಮ್ಮಪ್ಪನ ಕೊನೆಯ ತಮ್ಮ. ಸಿಂದಗಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿ "ಇಂಡಿ, ಇಂಡಿ! ಬಾಗೇವಾಡಿ, ಬಾಗೇವಾಡಿ!" ಎಂದು ಕೂಗಿ ಕೂಗಿ ನಿವೃತ್ತರಾದವರು. ಒಮ್ಮೆ ಝಳಕಿಯಲ್ಲಿ ಇಳಿದ ಯಾವುದೋ ಸಂಸಾರ ಮಕ್ಕಳ ಚಿತ್ರಪುಸ್ತಕವೊಂದನ್ನು ಸೀಟಿನ ಮೇಲೆ ಮರೆತು ಹೋಯಿತು. ಕೇಳಿಕೊಂಡು ಯಾರೂ ಬರಲಿಲ್ಲ. ತೆರೆದು ನೋಡಿದರೆ ಇಂಗ್ಲಿಷ್. ಕಾಕಾನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಚಿತ್ರ ಬರುತ್ತದೆ! ಒಂದು ಹಡಗು, ಒಂದು ಗಿಣಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ನಾಯಕ. ಮೇಲೆ ಕಪ್ಪು ಬಾವುಟ, ಅದರಲ್ಲಿ ತಲೆಬುರುಡೆ, ಬುರುಡೆಯ ಕೆಳಗೆ ಅಡ್ಡಡ್ಡ ಎರಡು ಎಲುಬು. ಆ ಗುರುತನ್ನು ಕಾಕಾ ತಕ್ಷಣ ಹಿಡಿದರು. ನಮ್ಮ ಓಣಿಯ ಟ್ರಾನ್ಸ್‌ಫಾರ್ಮರಿನ ಮೇಲೆ ಅದನ್ನು ದಿನಾ ನೋಡುತ್ತಿದ್ದರಲ್ಲ!

"ಇವ್ರು ಲೈನ್‌ಮನ್ ಅದಾರ," ಎಂದು ತೀರ್ಮಾನಿಸಿದರು.

ಅಲ್ಲಿಂದ ಕಥೆ ಸಲೀಸಾಗಿ ಓಡಿತು. ಸಮುದ್ರದ ನಡುವೆ ಎಲ್ಲೋ ಕರೆಂಟು ಹೋಗಿದೆ, ಸರಿಮಾಡಲು ಇವರು ಹಡಗಿನಲ್ಲಿ ಹೊರಟಿದ್ದಾರೆ. ನಕಾಶೆಯಲ್ಲಿ ಕತ್ತರಿ ಗುರುತು ಇರುವಲ್ಲಿ ತಂತಿ ಹರಿದಿದೆ. ಹಗ್ಗದ ಏಣಿ ಹತ್ತುತ್ತಿರುವವನು ಕಂಬ ಹತ್ತುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾನೆ. ನಾಯಕನ ಕಣ್ಣಿಗೆ ಈಚೆಗಷ್ಟೇ ಪೊರೆಯ ಆಪರೇಶನ್ ಆಗಿದೆ. ಹೆಗಲ ಮೇಲೆ ಕೂತು ಒದರುವ ಗಿಣಿ ಮಾತ್ರ ಕಂಡಕ್ಟರ್. ಎಲ್ಲಿಗೆ ಹೊರಟರೂ ಒಬ್ಬ ಕಂಡಕ್ಟರ್ ಬೇಕೇ ಬೇಕಲ್ಲವೇ?

ಇಂಥವನ್ನೇ ಹುಡುಕಿ ತಂದು, ಬರಬರುತ್ತಾ ಒಂದು ಪುಸ್ತಕ ಏಳಾಯಿತು. ಓದಿದ ಪುಟದ ಅಂಚಿಗೆ ತಮ್ಮ ಹಳೆಯ ಟಿಕೆಟ್ ಪಂಚಿನಿಂದ ಒಂದು ತೂತು ಹಾಕುವುದು ಕಾಕಾನ ನೇಮ. ಹಾಗೆ ಏಳೂ ಪುಸ್ತಕಗಳ ಅಂಚು ಜರಡಿಯಾಗಿದೆ. ಓಣಿಯ ಮಕ್ಕಳಿಗೂ ಈ ವಿದ್ಯೆ ಹಬ್ಬಿತು. ಒಮ್ಮೆ ನಿಜವಾದ ಲೈನ್‌ಮನ್ ಕಂಬದಿಂದ ಇಳಿಯುವಷ್ಟರಲ್ಲಿ ಹತ್ತು ಮಕ್ಕಳು ಸುತ್ತುವರಿದು, "ಅಂಕಲ್, ಹಡಗ ಎಲ್ಲಿ ನಿಂದ್ರಿಸೀರಿ?" ಎಂದು ಕೇಳಿದರು. ಆತ ಕಂಗಾಲಾಗಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಎರಡನೇ ಇಯತ್ತೆಯಲ್ಲಿ ಓದುತ್ತಿದ್ದ ನನ್ನ ಮಗಳು ಮಾತ್ರ ಅಕ್ಷರ ಕೂಡಿಸಿ ಓದಿ, "ಅಜ್ಜಾ, ಇವ್ರು ಕಳ್ಳರಂತ!" ಎಂದಳು.

"ಪುಸ್ತಕಾ ಬರದಾವ್ರ ಮನ್ಯಾಗ ಕರೆಂಟ್ ಹೋಗಿರಬೇಕು. ಸಿಟ್ಟಿಲೆ ಬರದಾರ, ಬಿಡವ್ವ," ಎಂದರು ಕಾಕಾ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಹೋದ ಬೇಸಿಗೆಯಲ್ಲಿ ಒಂದು ದಿನ ಕಾಕಾ ಆ ಹಸಿರು ಗಿಣಿಯನ್ನು ಮೆಣಸಿನಕಾಯಿ ಎಂದು ಓದಿದರು! ಅಷ್ಟೊಂದು ಪ್ರೀತಿಯ ಕಂಡಕ್ಟರನ್ನು! ನಾನು ಮರುದಿನವೇ ಬಸವನ ಬಾಗೇವಾಡಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ.

"ಪೊರಿ ಬಲತೈತ್ರಿ. ಇನ್ನ ತಡಾ ಮಾಡಿದ್ರ ಕಣ್ಣ ಹೋಗ್ತಾವ. ಆಪರೇಶನ್ ಮಾಡಿಬಿಡೋಣು," ಎಂದರು ಡಾಕ್ಟರು.

ಕಾಕಾ ಚೀಲದಿಂದ ಪುಸ್ತಕ ತೆಗೆದು, ಪಟ್ಟಿ ಕಟ್ಟಿದ ನಾಯಕನ ಮೇಲೆ ಬೆರಳಿಟ್ಟರು. "ಸಾಹೇಬ್ರ, ಇಂವನ ಆಪರೇಶನ್ ಯಾರ ಮಾಡಿದ್ದು?"

ಡಾಕ್ಟರು ಕನ್ನಡಕ ಏರಿಸಿ ನೋಡಿದರು. "ಇಂವಾ ನಮ್ಮ ಪೇಶಂಟ್ ಅಲ್ರಿ!"

"ಏಳು ಪುಸ್ತಕ ಓದೇನ್ರಿ. ಮೊದಲನೇ ಪುಟದಿಂದ ಕಡೀ ಪುಟದ ತನಕಾ ಒಬ್ಬಾಂವನೂ ಪಟ್ಟಿ ಬಿಚ್ಚಿಲ್ಲ. ಏಳಕ್ಕ ಏಳೂ ಆಪರೇಶನ್ ಫೇಲ್! ನಾ ಒಲ್ಲೆ," ಎಂದವರೇ ಸೀದಾ ಬಸ್ ಸ್ಟ್ಯಾಂಡಿಗೆ ನಡೆದರು.

ಕಾಕಾನ ಹೆಂಡತಿ, ನಮ್ಮ ಕಾಕು, ಅತ್ತರು. "ಮೂವತ್ತ ವರ್ಷ ಮಂದೀನ ಅವರವರ ಊರ ಮುಟ್ಟಿಸಿದ್ರಿ. ನೀವ ನೋಡಿದ್ರ ಆಸ್ಪತ್ರಿ ಬಾಗಲದಿಂದ ಹೊಳ್ಳಿ ಬಂದ್ರಿ!" ಕಾಕಾ ಜಪ್ಪಯ್ಯ ಅನ್ನಲಿಲ್ಲ. ನಾನು ಬೈದೆ, ಬೇಡಿಕೊಂಡೆ, ಮಾತು ಬಿಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಪಂಚು ಪುಟ ತಪ್ಪಿ ಅವರ ಧೋತರಕ್ಕೆ ತೂತು ಹಾಕತೊಡಗಿತು. ಒಂದು ಮಧ್ಯಾಹ್ನ ನೋಡುತ್ತೇನೆ, ಮಕ್ಕಳೆದುರು ಕೂತು ಕಥೆಯನ್ನು ಒಂದು ಮಾತೂ ತಪ್ಪದೆ ಹೇಳುತ್ತಿದ್ದಾರೆ, ಕೈಯಲ್ಲಿ ಪುಸ್ತಕ ತಲೆಕೆಳಗಾಗಿದೆ. ಮಕ್ಕಳೂ ನಗಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅದಾಗಿ ಎರಡು ದಿನಕ್ಕೆ ನನ್ನ ಮಗಳು ಆ ಪುಸ್ತಕ ಹಿಡಿದುಕೊಂಡು ಅವರ ತೊಡೆಯ ಹತ್ತಿರ ಕೂತಳು.

"ಅಜ್ಜಾ, ನೀ ಕಡೀ ಪುಟ ಓದೇ ಇಲ್ಲ."

"ಯಾವ ಕಡೀ ಪುಟಾ?"

ಅವಳು ತನ್ನ ಚಿತ್ರದ ವಹಿಯ ಹಾಳೆ ಹರಿದು, ನಾಯಕನನ್ನು ಬರೆದು, ಪುಸ್ತಕದ ಕೊನೆಗೆ ಅಂಟಿಸಿದ್ದಳು. ಕಾಕಾ ಅದನ್ನು ಮೂಗಿನ ಹತ್ತಿರ ಹಿಡಿದರು. ಬೆರಳಾಡಿಸಿದರು. "ಪಟ್ಟಿ ಬಿಚ್ಚ್ಯಾನ?"

"ಹೂಂ. ಎರಡೂ ಕಣ್ಣ ಕಾಣಾಕತ್ತಾವ."

ಕಾಕಾ ಆ ಹಾಳೆಯ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು. ಆಮೇಲೆ ಪಂಚು ಕೇಳಿದರು. ಮಗಳು ಕೈ ಹಿಡಿದು ಅಂಚು ತೋರಿಸಿದಳು. ತೂತು ಬಿತ್ತು. "ಹಂಗಾದ್ರ ನಡೀರಿ ಬಾಗೇವಾಡಿಗೆ," ಎಂದರು.

ಆಪರೇಶನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಕಾಕಾ ಮೊದಲು ಕೇಳಿದ್ದು ಪುಸ್ತಕ. ಸೀದಾ ಕೊನೆಯ ಪುಟವನ್ನೇ ತೆರೆದರು. ನಾಯಕನ ಒಂದು ಕಣ್ಣು ಲಿಂಬಿಹಣ್ಣಿನಷ್ಟಿತ್ತು, ಇನ್ನೊಂದು ಅವರೆಕಾಳಿನಷ್ಟು. ಮೈಮೇಲೆ ಖಾಕಿ ಅಂಗಿ, ಹೆಗಲಿಗೆ ಕಂಡಕ್ಟರ ಚೀಲ, ಕೈಯಲ್ಲಿ ಪಂಚು.

ಕಾಕಾ ನೋಡುತ್ತಲೇ ಇದ್ದರು, ಆಮೇಲೆ ನನ್ನತ್ತ ತಿರುಗಿದರು. "ತಂಗಿ, ಇದು ಆಕಿ ಬರದದ್ದಂತ ನನಗ ಅವತ್ತ ಗೊತ್ತಿತ್ತು. ಬೆರಳಿಗೆ ಮೇಣದ ಬಣ್ಣ ಹತ್ತಿತ್ತು."

"ಗೊತ್ತಿದ್ದೂ ಮತ್ತ ಯಾಕ ಬಂದ್ರಿ ಕಾಕಾ?"

"ಆಕಿ ಏನ ಬರದಾಳಂತ ನೋಡಬೇಕಾಗಿತ್ತಲ್ಲ," ಎಂದರು.