ಮಾವನ ದಂಡಿನ ಉಪ್ಪಿಟ್ಟು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆಯೆಂದು ಇಡೀ ಕಡ್ಡಿರಾಂಪುರ ಹೇಳುತ್ತದೆ. ಪುರಾವೆಯೇನು? ನಾಲ್ಕು ಜನರ ಮನೆಯಲ್ಲಿ ಕೊಪ್ಪರಿಗೆ ತುಂಬ ಉಪ್ಪಿಟ್ಟು ಮಾಡುತ್ತಾರಂತೆ. ಇದು ಹುಚ್ಚಲ್ಲ ಸ್ವಾಮಿ, ಅಭ್ಯಾಸ. ಸೈನ್ಯದಲ್ಲಿ ಅಡುಗೆಯವರಾಗಿದ್ದವರು ಅವರು. ಒಂದು ತುಕಡಿಗಿಂತ ಕಡಿಮೆ ಜನಕ್ಕೆ ಉಪ್ಪು ಹಾಕಲು ಅವರ ಕೈಗೆ ಬರುವುದಿಲ್ಲ. ನಿವೃತ್ತಿ ಮಾವನಿಗೆ ಆಯಿತು, ಕೈಗೆ ಆಗಲಿಲ್ಲ.

ಮೊದಮೊದಲು ಓಣಿಯವರು ತಟ್ಟೆ ಹಿಡಿದು ಬಂದರು. ಆಮೇಲೆ ಮಾವನನ್ನು ಕಂಡರೆ ಬಾಗಿಲು ಹಾಕಿಕೊಂಡರು. ಉಳಿದದ್ದನ್ನು ತಿಂದೂ ತಿಂದೂ ಮಾವನ ಮನೆಯ ಎಮ್ಮೆಯೂ ಮುಖ ತಿರುಗಿಸಿದ ದಿನ ಅತ್ತೆ ತೀರ್ಪು ಕೊಟ್ಟರು: "ಇನ್ನ ಮ್ಯಾಲೆ ಒಲಿ ಮುಟ್ಟಬ್ಯಾಡ್ರಿ."

ಒಲೆ ಕಳೆದುಕೊಂಡ ಮಾವ ಹಂಪಿಯ ಗಜಶಾಲೆಯ ಪಕ್ಕ, ಅರಸರ ಕಾಲದ ದಂಡಿನ ಕಾವಲುಗಾರರ ವಸತಿಯಲ್ಲಿ ಹೋಗಿ ಕೂರತೊಡಗಿದರು. ಮಾತು ಕಡಿಮೆಯಾಯಿತು, ಮೈ ಇಳಿಯಿತು. ಕರೆತರಲು ಹೋದ ನನಗೇ ಪಾಠ ಶುರುವಾಯಿತು.

"ಲೇ, ಇದು ಸಿಪಾಯಿಗಳು ಮಲಗೋ ಜಾಗ ಅಂತ ಬೋರ್ಡ್ ಬರದಾಂವ ದಂಡಿನ್ಯಾಗ ಒಂದಿನಾನೂ ಉಂಡಿಲ್ಲ. ಇದು ಅಡಗಿ ಮನಿ. ನಡುವ ಅಂಗಳ ಯಾಕ ಬಯಲೈತಿ? ಹೊಗಿ ಹೋಗಾಕ. ಸುತ್ತ ಜಗಲಿ ಯಾಕ? ಪಂಗ್ತಿ ಕುಂದ್ರಾಕ."

ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವಳು ನಾನು, ಸುಮ್ಮನಿರಲಾದೀತೆ? "ಹಂಗಾದ್ರ ಗ್ವಾಡಿಗೆ ಮಸಿ ಎಲ್ಲೈತಿ, ಮಾವ?"

"ಅಡಗಿ ಮುಗದ ಮ್ಯಾಲೆ ತಿಕ್ಕಿ ತೊಳಿತಿದ್ರು. ನಿನ್ನಂಗ ಬಿಟ್ಟು ಹೋಗ್ತಿದ್ದಿಲ್ಲ."

ಈ ವಾದಕ್ಕೆ ಯಾವ ತೀರ್ಪುಗಾರರು ಅಂಕ ಕೊಡುತ್ತಾರೆ? ಅಲ್ಲೇ ಕೇಳುತ್ತ ನಿಂತಿದ್ದ ಕಾವಲಿನ ಹೆಂಗಸು ಕೊಟ್ಟಳು.

"ಖರೇ ಐತ್ರಿ ಕಾಕಾ. ಆದ್ರ ಈಗಿನ ಕಾವಲಿನೋರಿಗೆ ಯಾರು ಮಾಡಿ ಹಾಕ್ತಾರ? ಕಸ ಗುಡಿಸೋರು, ಹುಲ್ಲು ಕೊಯ್ಯೋರು, ನಾವು, ಎಲ್ಲಾ ಮುಂಜಾನಿ ಖಾಲಿ ಹೊಟ್ಟೀಲೇ ಬರ್ತೀವ್ರಿ."

ಮಾವ ಎದ್ದು ನಿಂತ ರೀತಿ ನೋಡಬೇಕಿತ್ತು. ಆವರಣವೆಲ್ಲ ಸುತ್ತಿ, ಒಬ್ಬೊಬ್ಬರನ್ನೂ ಬೆರಳು ಮಾಡಿ ಎಣಿಸಿದರು. ಮನೆಗೆ ಬಂದು ಅತ್ತೆಯ ಮುಂದೆ ಅಟೆನ್ಷನ್‌ನಲ್ಲಿ ನಿಂತರು. "ಒಂದ ಸಲ ಕೊಟ್ಟು ನೋಡು." ಅತ್ತೆ ಎಮ್ಮೆಯ ಕಡೆ ನೋಡಿ, ನಿಟ್ಟುಸಿರು ಬಿಟ್ಟು, ಒಲೆ ಬಿಟ್ಟುಕೊಟ್ಟರು.

ಮರುದಿನ ಕೊಪ್ಪರಿಗೆ ಆಟೋದಲ್ಲಿ ಹೋಯಿತು, ಮಾವ ಅದನ್ನು ತಬ್ಬಿಕೊಂಡು ಕೂತಿದ್ದರು. ಒಳಗೆ ಊಟಕ್ಕೆ ಅಪ್ಪಣೆಯಿಲ್ಲ. ಗೇಟಿನ ಹೊರಗೆ ಬೇವಿನ ನೆರಳಲ್ಲಿ ಪಂಕ್ತಿ ಕೂತಿತು. "ಮಸ್ತ್ ಐತ್ರಿ" ಎಂದು ಹುಲ್ಲು ಕೊಯ್ಯುವವರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಕೊನೆಯವರಿಗೆ ಬಡಿಸುವಾಗ ಸೌಟು ಕೊಪ್ಪರಿಗೆಯ ತಳಕ್ಕೆ ತಾಗಿ ಠಣ್ ಎಂದಿತು. ಆ ಸದ್ದನ್ನು ಕಡ್ಡಿರಾಂಪುರ ಎಂದಾದರೂ ಕೇಳಿದ್ದುಂಟೆ?

"ನಾಳಿನೂ ಬರ್ತೀರಲ್ರಿ ಕಾಕಾ?" ಎಂದಳು ಕಾವಲಿನ ಹೆಂಗಸು.

ಮಾವ ತಲೆಯಾಡಿಸಿ, ನಗುಮುಖದಲ್ಲಿ ಕೊಪ್ಪರಿಗೆ ತಿಕ್ಕಲು ಕೂತರು. ಮುಂಜಾನೆಯಿಂದ ಅವರ ಬಾಯಿಗೆ ಒಂದು ತುತ್ತೂ ಹೋಗಿಲ್ಲವೆಂದು ನನಗೆ ಹೊಳೆದದ್ದು ಆಗಲೇ.

"ಎಲ್ಲಾರ್ನೂ ಎಣಿಸಿದ್ರಿ, ನಿಮ್ಮನ್ನ ಯಾಕ ಬಿಟ್ರಿ, ಮಾವ?"