ಶನಿವಾರ ಕೊಂಡ ವೈಸು

ನಲವತ್ತು ದಾಟಿದ ಗಂಡಸಿಗೆ ಎರಡರಲ್ಲಿ ಒಂದು ಹುಚ್ಚು ಹಿಡಿಯುತ್ತದೆ ಎಂದು ನನ್ನ ಅಂದಾಜು. ದೇವರು, ಇಲ್ಲವೇ ರಿಪೇರಿ. ದೇವರ ಜೊತೆ ನನಗೆ ಅಷ್ಟಾಗಿ ಬಳಕೆಯಿಲ್ಲದ್ದರಿಂದ ರಿಪೇರಿ ಹಿಡಿಯಿತು. ಮಂಡ್ಯದ ನಮ್ಮ ಮನೆಯ ಹಿತ್ತಿಲಲ್ಲಿ ಹಿಂದೆ ಸೌದೆ ಒಟ್ಟುತ್ತಿದ್ದ ಶೀಟಿನ ಶೆಡ್ಡೊಂದಿದೆ. ಅಲ್ಲಿ ಒಂದು ಮೇಜು, ಎರಡು ಗರಗಸ, ಒಂದು ಸುತ್ತಿಗೆ, ಮೂರು ಡಬ್ಬಿ ತುಂಬ ಯಾವುದಕ್ಕೂ ಹೊಂದದ ಸ್ಕ್ರೂಗಳನ್ನು ಇಟ್ಟುಕೊಂಡು ಅದಕ್ಕೆ ವರ್ಕ್‌ಶಾಪು ಎಂದು ಹೆಸರಿಟ್ಟೆ. ಆಫೀಸಿನಲ್ಲಿ ನಾನು ಗುಮಾಸ್ತ, ಹೇಳಿದವರ ಮಾತು ಕೇಳುವವನು. ಮನೆಯಲ್ಲೂ ಹೆಚ್ಚುಕಡಿಮೆ ಅದೇ ಹುದ್ದೆ. ನಾನು ಹೇಳಿದಂತೆ ನಡೆಯಬೇಕಾದ ಜಾಗವೆಂದು ಈ ಭೂಮಿಯ ಮೇಲೆ ಇದ್ದದ್ದು ಆ ಶೆಡ್ಡೊಂದೇ.

ಅದರಲ್ಲಿ ಇಲ್ಲದಿದ್ದುದು ವೈಸು. ಮೇಜಿಗೆ ಬೋಲ್ಟು ಹಾಕಿ ಕೂರಿಸುವ, ಎರಡು ಕಬ್ಬಿಣದ ದವಡೆಗಳ ನಡುವೆ ಮರವನ್ನೋ ಪೈಪನ್ನೋ ಕಚ್ಚಿ ಹಿಡಿಯುವ ಸಾಮಾನು. ಅದಿಲ್ಲದೆ ಹನ್ನೊಂದು ವರ್ಷ ಹೇಗೆ ನಡೆಸಿದಿರಿ ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ನನ್ನ ಹೆಂಡತಿ ಜಯಮ್ಮ ಹಿಡಿದುಕೊಳ್ಳುತ್ತಿದ್ದಳು. ನಾನು ಕುಯ್ಯುವುದು, ಅವಳು ಹಿಡಿಯುವುದು. ಕುಯ್ತ ವಾರೆಯಾದರೆ "ನೀನು ಅಲುಗಿಸಿಬಿಟ್ಟೆ" ಎಂದು ಗದರುವ ಅನುಕೂಲವೂ ಇತ್ತು. ಕುಯ್ತ ಯಾವಾಗಲೂ ವಾರೆಯೇ ಆಗುತ್ತಿತ್ತು.

ಹೀಗೆ ಸುಖವಾಗಿದ್ದಾಗ ಒಂದು ದಿನ ಬಚ್ಚಲುಮಣೆಗೆ ಹಲಗೆ ಕುಯ್ಯುತ್ತಿದ್ದೆ. ಗರಗಸ ಜಾರಿ ಅವಳ ಹೆಬ್ಬೆರಳಿಗೆ ತಗುಲಿತು. ಮೂರು ಹೊಲಿಗೆ ಬಿತ್ತು. ಹೊಲಿಗೆ ಹಾಕುವಾಗ ನರ್ಸು ನನ್ನನ್ನೇ ಮೊದಲು ಕೂರಿಸಬೇಕಾಯಿತು. ಮನೆಗೆ ಬಂದ ಮೇಲೆ ಜಯಮ್ಮ ಬ್ಯಾಂಡೇಜಿನ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು ತೀರ್ಪು ಕೊಟ್ಟಳು. "ನಾನೇನು ಮನ್ಸಳೋ ಮರದ್ ತುಂಡೋ? ಒಂದ್ ತಿಂಗ್ಳೊಳಗೆ ವೈಸ್ ತಂದ್ರೆ ಸರಿ. ಇಲ್ದಿದ್ರೆ ಸೆಡ್ಡಲ್ಲಿ ಕೋಳಿ ಕೂಡ್ತೀನಿ." ಅವಳು ಬರೀ ಬೆದರಿಕೆ ಹಾಕುವವಳಲ್ಲ. ಮಾರನೆಯ ದಿನವೇ ಒಂದು ಕೋಳಿ ಪಂಜರ ಬಂದು ಶೆಡ್ಡಿನ ಬಾಗಿಲಲ್ಲಿ ಕುಳಿತಿತು.

ಹೊಸ ವೈಸು ಕೊಳ್ಳಬಹುದಿತ್ತು. ಆದರೆ ಹಳೆಯ ಎರಕದ ಗಟ್ಟಿತನ ಈಗಿನದಕ್ಕೆ ಬರುವುದಿಲ್ಲ ಎಂದು ನಾನು ಆಫೀಸಿನಲ್ಲಿ ಅಷ್ಟು ಸಲ ಭಾಷಣ ಮಾಡಿದ್ದೆ, ಹೊಸದು ತಂದರೆ ಅಲ್ಲಿ ಮುಖ ತೋರಿಸುವಂತಿರಲಿಲ್ಲ. ಮಂಡ್ಯದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. "ವೈಸಾ? ಇತ್ತು ಸಾ, ಮೊನ್ನೆ ತಾನೇ ಕರಗ್ಸಕ್ಕೆ ಓಯ್ತು" ಎಂದು ಎಲ್ಲರೂ, ಮೊನ್ನೆ ಬರದೆ ನಾನೇ ಅದನ್ನು ಕೊಂದೆ ಎನ್ನುವಂತೆ ಹೇಳಿದರು. ಮದ್ದೂರಿನಲ್ಲಿ ಒಂದು ಸಿಕ್ಕಿತು. ನೀಲಿ ಬಣ್ಣ ಬಳಿದುಕೊಂಡು ಮದುವಣಗಿತ್ತಿಯ ಹಾಗೆ ಕುಳಿತಿತ್ತು. ತೆಂಗಿನಕಾಯಿ ನೋಡುವಂತೆ ಬೆರಳಿನಿಂದ ಬಡಿದೆ, ಬೀಗದ ಕೈಯಿಂದ ಬಣ್ಣ ಕೆರೆದೆ. ದವಡೆಯ ಬುಡದಲ್ಲಿ ಉದ್ದಕ್ಕೂ ಬಿರುಕು, ಬಿರುಕಿನ ತುಂಬ ಎಂಥದೋ ಮೆತ್ತಿದ ಹಿಟ್ಟು. "ಇದೇನಯ್ಯಾ?" ಎಂದರೆ ಅಂಗಡಿಯವನು ಬಗ್ಗಿ ನೋಡಿ, "ಅದು ಡಿಸೈನು ಸಾ" ಎಂದ. ಅವನ ಧೈರ್ಯಕ್ಕೆ ಮೆಚ್ಚಿ ಒಂದು ವಡೆ ತಿಂದು ಬಸ್ಸು ಹತ್ತಿದೆ.

ಜಯಮ್ಮ ಕೊಟ್ಟ ತಿಂಗಳ ಕೊನೆಯ ಶನಿವಾರ ರಜ ಹಾಕಿ ಮಳವಳ್ಳಿಗೆ ಹೋದೆ. ಅಲ್ಲಿ ಖಾದರ್ ಸಾಬರು ಎನ್ನುವ ಹಳೆಯ ಮೆಕ್ಯಾನಿಕ್ಕು, ಕಣ್ಣಿಗೆ ಪೊರೆ ಬಂದು ಅಂಗಡಿ ಮುಚ್ಚುತ್ತಿದ್ದಾರೆಂದು ಯಾರೋ ಹೇಳಿದ್ದರು. ಅವರ ವೈಸು ನೋಡಿದ ಕೂಡಲೇ ನನ್ನ ಬಾಯಲ್ಲಿ ನೀರೂರಿತು. ಕಪ್ಪಗೆ, ಗಿಡ್ಡಗೆ, ಕುತ್ತಿಗೆಯೇ ಇಲ್ಲದ ಪೈಲ್ವಾನನಂತಿತ್ತು. ಹಿಡಿ ತಿರುಗಿಸಿದರೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಸಾಬರು ದರ ಹೇಳುವ ಮೊದಲು ನನ್ನನ್ನು ಪರೀಕ್ಷೆಗೆ ಕೂರಿಸಿದರು. ದವಡೆಗೆ ಒಂದು ಮರದ ರೀಪಿನ ತುಂಡು ಕಚ್ಚಿಸಿ ಗರಗಸ ಕೊಟ್ಟು, "ಕುಯ್ರಿ ನೋಡುವಾ" ಎಂದರು. ಕುಯ್ದೆ. ವಾರೆಯಾಯಿತು. ಅಭ್ಯಾಸಬಲದಿಂದ "ಸ್ವಲ್ಪ ಅಲುಗಿತು" ಎಂದೆ. ಸಾಬರು ಪೊರೆಗಣ್ಣನ್ನು ಕಿರಿದು ಮಾಡಿ ನನ್ನನ್ನೇ ನೋಡಿದರು. "ನಲ್ವತ್ತು ವರ್ಸದಿಂದ ಅಲುಗಿಲ್ಲ ಸಾಮಿ ಇದು. ಅಲುಗಿದ್ದು ಬ್ಯಾರೆ ಏನೋ" ಎಂದರು. ಆದರೂ ಕೊಡಲು ಒಪ್ಪಿದರು. ಒಪ್ಪಿ, "ಇವತ್ತು ಸನಿವಾರ, ನಿಮ್ಮೋರು ಕಬ್ಣ ಮನೇಗೆ ಓಯ್ಯಕಿಲ್ಲ. ಸೋಮವಾರ ಬನ್ನಿ" ಎಂದೂ ಸೇರಿಸಿದರು. ನನ್ನ ವಿಚಾರವಾದ ತಲೆಯೆತ್ತಿತು. ಇಷ್ಟು ದೊಡ್ಡ ಆಕಾಶದಲ್ಲಿ ಸುತ್ತುವ ಶನಿಗೆ ಮಳವಳ್ಳಿಯ ಒಂದು ವೈಸಿನ ಮೇಲೆ ಯಾಕೆ ಕಣ್ಣಿರುತ್ತದೆ ಎಂದು ಸಾಬರಿಗೆ ಹತ್ತು ನಿಮಿಷ ಬೋಧಿಸಿ, ಅದನ್ನು ಗೋಣಿಚೀಲಕ್ಕೆ ಹಾಕಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಮನೆ ತಲುಪುವಷ್ಟರಲ್ಲಿ ತೊಡೆ ಜೋಮು ಹಿಡಿದಿತ್ತು.

ಗೇಟಿನಲ್ಲಿ ಜಯಮ್ಮ ಕೈ ಅಡ್ಡ ಹಿಡಿದಳು. "ಸನಿವಾರ ಕಬ್ಣ ಒಳೀಕೆ ತತ್ತೀರಾ?"

"ಮನೆಯೊಳಗಲ್ಲ ಕಣೆ, ಶೆಡ್ಡಿಗೆ."

"ಸೆಡ್ಡೇನು ಮದ್ದೂರಲ್ಲಿ ಅದಾ? ನಿಮ್ ಗರಗಸದ ಜೊತೆ ಸನಿಯನ್ನೂ ಸೇರ್ಸಿದ್ರೆ ಉಳಿಯೋದು ಯಾರು?" ಎಂದು ಆ ಬೆರಳನ್ನು ಮತ್ತೆ ಎತ್ತಿದಳು. ಅದರ ಮುಂದೆ ನನ್ನ ವಿಚಾರವಾದ ನಿಲ್ಲುವುದಿಲ್ಲ. ವೈಸನ್ನು ಪಕ್ಕದ ಮನೆಯ ಸಿದ್ದೇಗೌಡರ ಜಗಲಿಗೆ ಹೊತ್ತೆ. ಅವರು ಫಿಟ್ಟರಾಗಿದ್ದು ನಿವೃತ್ತರಾದವರು. "ಇಡ್ಲಾ, ಸನಿ ನಮ್ಮನೇಲಿ ಆಗ್ಲೇ ಠಿಕಾಣಿ ಹೂಡವ್ನೆ, ಇದೊಂದ್ರಿಂದ ಏನಾಗ್ಬೇಕು" ಎಂದು ಜಾಗ ಕೊಟ್ಟರು.

ಭಾನುವಾರ ಬೆಳಿಗ್ಗೆಯೇ ಕೂರಿಸಬಹುದಿತ್ತು. ಆದರೆ ಹಲಗೂರಿನಲ್ಲಿ ಬೀಗರೂಟ. ಬೀಗರೂಟ ಬಿಟ್ಟು ಮನೆಯಲ್ಲಿ ಕೂತ ಗಂಡಸನ್ನು ನಮ್ಮ ಕಡೆ ಮೈಗೆ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಜಯಮ್ಮ, "ಈ ಬೆರಳಲ್ಲಿ ಮೂಳೆ ಇಡಿಯಕ್ಕಾಯ್ತದಾ? ನೀವೋಗ್ಬನ್ನಿ" ಎಂದಳು. ಹೋದೆ. ಮುದ್ದೆ, ಮಾಂಸ, ಮತ್ತೆ ಮಾಂಸ. ಮಧ್ಯಾಹ್ನ ನಾಲ್ಕಕ್ಕೆ ಬೆಲ್ಟು ಸಡಿಲಿಸಿಕೊಂಡು ಮನೆಗೆ ಬಂದರೆ ಹಿತ್ತಿಲಿನಿಂದ ಗರಗಸದ ಸದ್ದು ಕೇಳುತ್ತಿತ್ತು. ಸಿದ್ದೇಗೌಡರು ವೈಸನ್ನು ಮೇಜಿಗೆ ಬೋಲ್ಟು ಹಾಕಿ ಕೂರಿಸಿ, ಕೋಳಿ ಪಂಜರದ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು. ಜಯಮ್ಮ ಸೆರಗು ಸಿಕ್ಕಿಸಿಕೊಂಡು, ನನ್ನ ಬಚ್ಚಲುಮಣೆಯ ಹಲಗೆಯನ್ನು ವೈಸಿಗೆ ಕಚ್ಚಿಸಿ, ನಿಧಾನವಾಗಿ ಕುಯ್ಯುತ್ತಿದ್ದಳು. ತುಂಡು ಕೆಳಗೆ ಬಿತ್ತು. ಎತ್ತಿಕೊಂಡು ಅಂಚಿಗೆ ಮೂಲೆಮಟ್ಟ ಇಟ್ಟು ನೋಡಿದೆ. ಕೂದಲೆಳೆ ಜಾಗವಿರಲಿಲ್ಲ.

"ಎಲ್ಲಿ ಕಲಿತೆ?" ಎಂದೆ.

"ಅನ್ನೊಂದು ವರ್ಸ ಇಡ್ಕಂಡು ಕೂತು ಏನ್ ನೋಡ್ತಿದ್ದೆ ಅಂದ್ಕೊಂಡ್ರಿ? ನೀವು ಎಲ್ಲಿ ತಪ್ತೀರಿ ಅದ್ನೇ."

ಸಿದ್ದೇಗೌಡರು ಹೊಗೆ ಬಿಟ್ಟು, "ಕೈ ಚೆನ್ನಾಗದೆ ಕಣಮ್ಮ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಊಟ ಎಂಗಿತ್ಲಾ?" ಎಂದು ಕೇಳಿದರು. ಅಂದಿನಿಂದ ಶೆಡ್ಡು ಉಳಿಯಿತು, ನನ್ನದಾಗಿ ಉಳಿಯಲಿಲ್ಲ. ಸ್ಟೂಲು, ಶೆಲ್ಫು, ಮಗಳ ಓದುವ ಮೇಜು, ಎಲ್ಲ ಅಲ್ಲಿಂದ ಒಂದೊಂದಾಗಿ ಹೊರಬಂದವು. ನಾನು ಮರಳುಕಾಗದ ತಿಕ್ಕುವ ಹುದ್ದೆಯಲ್ಲಿದ್ದೇನೆ, ಅದೂ ಹೇಳಿದ ದಿಕ್ಕಿನಲ್ಲಿ. ನನಗೆ ಹೊಟ್ಟೆಯುರಿಯಿತು, ಸುಳ್ಳೇಕೆ ಹೇಳಲಿ.

ಒಂದು ಸ್ಟೂಲನ್ನು ಆಫೀಸಿಗೆ ಒಯ್ದೆ. ಪಕ್ಕದ ಸೀಟಿನ ನಾಗರಾಜು ಅದರ ಮೇಲೆ ಕುಳಿತು, ಕುಣಿದು, ಮಗುಚಿ ಹಾಕಿ ನೋಡಿ, "ಏನ್ ಫಿನಿಶಿಂಗ್ ಸಾರ್. ನಿಮ್ಮ ಕೈಯಲ್ಲಿ ಇಂಥ ಕಲೆ ಇದೆ ಅಂತ ಗೊತ್ತಿರಲಿಲ್ಲ" ಎಂದ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ, ಇನ್ನೂ ನಾಲ್ವರು ಸ್ಟೂಲು ಬೇಕೆಂದು ಬಂದಾಗ, ಆ ಹೊಲಿಗೆಯ ಬೆರಳು ಕಣ್ಣಮುಂದೆ ಬಂದು ತಡೆಯಲಾಗಲಿಲ್ಲ. ಎಲ್ಲರ ಎದುರಿಗೆ ಹೇಳಿಬಿಟ್ಟೆ. "ನಾನಲ್ಲ ಮಾಡಿದ್ದು. ನಮ್ಮ ಮನೆಯವರು."

ನಾಗರಾಜು ಎದ್ದು ಬಂದು ನನ್ನ ಕೈ ಹಿಡಿದುಕೊಂಡ. "ನೋಡ್ರಪ್ಪಾ, ಗಂಡ ಅಂದ್ರೆ ಹಿಂಗಿರಬೇಕು. ತಾನು ಮಾಡಿದ್ದಕ್ಕೆ ಹೆಂಡ್ತಿ ಹೆಸರು ಹೇಳ್ತಾರೆ. ಎಂಥ ದೊಡ್ಡ ಮನಸ್ಸು ಸಾರ್ ನಿಮ್ಮದು."

ಒಂದು ಸಲ ನಿಜ ಹೇಳಿದ್ದಾಗಿತ್ತು. ಎರಡನೆಯ ಸಲ ಹೇಳುವಷ್ಟು ಸತ್ಯವಂತ ನಾನಲ್ಲ.